ಸೊನ್ನೆ, ಸರಿಯೋ ಬೆಸವೋ

ಗ್ರಿಮ್ಸ್‌ಬಿಯ ಆಸ್ಪತ್ರೆ. ಮಂಡಿ ಬದಲಿಸಿಕೊಂಡವರ ವಾರ್ಡು.
ಪಕ್ಕದ ಮಂಚದಲ್ಲಿ ಎಡ್ನಾ ಸ್ಕ್ರಿಮ್‌ಶಾ, ಎಂಬತ್ತೊಂಬತ್ತು,
ಮೂವತ್ತಾರು ವರ್ಷ ಈ ಊರಿನ ಸೂಲಗಿತ್ತಿ.
ನಿದ್ದೆಮಾತ್ರೆ ಇಬ್ಬರಿಗೂ ನಾಟುವುದಿಲ್ಲ.
ರಾತ್ರಿ ಎರಡಕ್ಕೆ, ಪರದೆಯಾಚೆಯಿಂದ, ಒಂದು ಪದ:
ಪ್ಯಾರಿಟಿ. ಅರ್ಥ ಹೇಳು ನೋಡೋಣ.
ಸಮಾನತೆ, ಅಂದೆ, ಪರೀಕ್ಷೆಗೆ ಕೂತವಳ ಹಾಗೆ.
ಅರ್ಧ ಅಂಕ, ಅಂದಳು.

ಎಪ್ಪತ್ತಮೂರರ ಫೆಬ್ರವರಿ.
ಮೀನಿನ ಕಾರ್ಖಾನೆಯ ಹೆಂಗಸರು ಗೇಟಿನ ಹೊರಗೆ ಮೂರನೆಯ ವಾರ.
ಹ್ಯಾಡಕ್ ಸೀಳುವ ಚಾಕು ಒಂದೇ, ಬೆರಳು ಮರಗಟ್ಟಿಸುವ ಮಂಜು ಒಂದೇ,
ಗಂಡಸಿಗೆ ರೂಪಾಯಿಯಾದರೆ ಹೆಂಗಸಿಗೆ ಹನ್ನೆರಡಾಣೆ
(ಆಣೆಯ ಲೆಕ್ಕ ನನ್ನದು, ಎಡ್ನಾಳದ್ದು ಪೆನ್ಸಿನದು).
ಮೊರೀನ್ ಬಾರಿಲ್ ಹೆರಿಗೆಗೆ ಬಂದದ್ದು
ನೇರ ಆ ಗೇಟಿನಿಂದ, ಗಮ್‌ಬೂಟಿನಲ್ಲೇ,
ಹಿಡಿದ ಫಲಕ ಬಿಡದೆ.
ಕಸಿದು ಗೋಡೆಗೆ ಒರಗಿಸಿದರು.
ಕೆಂಪು ಬಣ್ಣ, ಸೊಟ್ಟ ಅಕ್ಷರ: ಪ್ಯಾರಿಟಿ.

ಎಡ್ನಾ ಚೀಟಿ ತುಂಬುತ್ತಿದ್ದಳು.
ವಯಸ್ಸು. ರಕ್ತದ ಗುಂಪು. ಪ್ಯಾರಿಟಿ: ಮೂರು.
ನೋವಿನ ಎರಡು ಅಲೆಗಳ ನಡುವೆ ಮೊರೀನ್ ಕತ್ತೆತ್ತಿ ಓದಿದಳು.
‘ಮೂರಾ? ಮಾಲೀಕ ಒಂದೂ ಕೊಟ್ಟಿಲ್ಲ!’
ಅದಲ್ಲ ಕಣೇ, ಎಷ್ಟು ಸಲ ಹೆತ್ತೆ ಅನ್ನೋ ಲೆಕ್ಕ ಇದು.
‘ಅದಕ್ಕೂ ಇದಕ್ಕೂ ಒಂದೇ ಮಾತಾ?’
ಇಪ್ಪತ್ತು ವರ್ಷ ದಿನಾ ಬರೆದಿದ್ದಳು ಎಡ್ನಾ.
ಗೊತ್ತಿರಲಿಲ್ಲ.

ಬೆಳಿಗ್ಗೆ ಡ್ಯೂಟಿ ಮುಗಿಸಿ, ಸಮವಸ್ತ್ರದಲ್ಲೇ, ಗ್ರಂಥಾಲಯ.
ಲೀಕ್ ಎಂಬ ಮುದುಕ ಎರಡೂ ಕೈಯಲ್ಲಿ ಎತ್ತಿ ತಂದ ನಿಘಂಟು
ತುಂಬು ತಿಂಗಳ ಮಗುವಿನಷ್ಟೇ ಭಾರ.
ಲ್ಯಾಟಿನ್ನಿನ ಪಾರ್: ಸಮ, ಜೊತೆ.
ಅದರ ಸಂತಾನ, ಪೇರ್, ಅಂದರೆ ಜೋಡಿ. ಪಿಯರ್, ಅಂದರೆ ಸರೀಕ.
ಮೇಲ್ಮನೆಯ ಕೆಂಪು ಬೆಂಚಿನಲ್ಲಿ ತೂಕಡಿಸುವ ಪ್ರಭುಗಳೂ ಪಿಯರುಗಳೇ,
ಸರೀಕರು, ತಮ್ಮ ತಮ್ಮಲ್ಲಿ.
ಅಂಪೈರ್ ಕೂಡ ಅದೇ ಬಳ್ಳಿ:
ಜೋಡಿಯಲ್ಲದವನು, ಇಬ್ಬರ ಜಗಳಕ್ಕೆ ಮೂರನೆಯವನು.
ಹಿಂದೆ ಆ ಪದದ ಮುಂದೊಂದು ನಕಾರವಿತ್ತಂತೆ,
ಯಾರ ಬಾಯಲ್ಲೋ ಹಾಲುಹಲ್ಲಿನ ಹಾಗೆ ಉದುರಿಹೋಯಿತು.

ಅದರ ಕೆಳಗೆ ಇನ್ನೊಂದು ಪ್ಯಾರಿಟಿ.
ಇದಕ್ಕೆ ಬೇರು ಪರೆರೆ. ಹೆರು.
ಒಂದೇ ಮುಖ, ತಾಯಂದಿರು ಬೇರೆ.
ಅವಳಿ ಅಂದುಕೊಂಡು ಒಂದೇ ತೊಟ್ಟಿಲಲ್ಲಿ ಮಲಗಿಸಿಬಿಟ್ಟಿದ್ದಾರೆ.

ಹೋಗಿ ಹೇಳಿದಳು. ನಾಲ್ಕನೆಯದು ಹೆಣ್ಣು, ಮೊಲೆ ಹಿಡಿದಿತ್ತು.
ಮೊರೀನ್ ಪೂರ್ತಿ ಕೇಳಿಸಿಕೊಂಡು ಕೇಳಿದ್ದಿಷ್ಟೇ:
‘ಎರಡರಲ್ಲಿ ಯಾವುದಕ್ಕೆ ದುಡ್ಡು ಬರುತ್ತೆ?’

ಏಪ್ರಿಲಿನಲ್ಲಿ ಗಂಟೆಗೆ ಐದು ಪೆನ್ಸ್ ಏರಿತು. ಸರಿಸಮ ಆಗಲಿಲ್ಲ.
ಫಲಕ ಅಲ್ಲೇ ಉಳಿಯಿತು. ಉಗ್ರಾಣದ ಬಾಗಿಲು ಬಡಿಯದ ಹಾಗೆ
ಅಡ್ಡ ಇಡುತ್ತಿದ್ದರು, ಬಹಳ ವರ್ಷ.

ನಿನ್ನ ಭಾಷೆಯಲ್ಲಿ?
ಸರಿ, ಅಂದೆ. ಸಮ ಅಂದರೂ ಸರಿ, ಒಪ್ಪಿದೆ ಅಂದರೂ ಸರಿ,
ಆಚೆ ಜರುಗು ಅನ್ನುವುದಕ್ಕೂ ಸರಿ.
ಆ ಬೆಂಚಿನವರಿಗೆ ಹೇಳಬೇಕಿದ್ದು ಅದನ್ನೇ, ಅಂದಳು.
ಸರಿಗೆ ಎದುರು ಬೆಸ, ಜೊತೆ ಸಿಗದೆ ಉಳಿದದ್ದು.
ಹೆರಿಗೆಗೆ ಹಳಬರು ಬೆಸಲೆ ಅನ್ನುತ್ತಿದ್ದರು.
ನಂಟಿದೆಯೋ, ಬರೀ ಹೋಲಿಕೆಯೋ, ನನಗೂ ತಿಳಿಯದು.

ಪರದೆಯಾಚೆ ಮೌನ. ನಿದ್ದೆ ಬಂತೇನೋ ಅಂದುಕೊಂಡೆ.
‘ತಲೆ ಹೊರಗೆ, ಮೈ ಇನ್ನೂ ಒಳಗೆ.
ಆ ಒಂದು ಗಳಿಗೆ ಇರುತ್ತಲ್ಲ,
ಅಲ್ಲಿ ಇರುವವರು ಒಬ್ಬರೂ ಅಲ್ಲ, ಇಬ್ಬರೂ ಅಲ್ಲ.
ನಾನು ಆಗ ಕೋಣೆಯಲ್ಲಿ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ.’

ಬೆಳಗಾಯಿತು. ಹೊಸ ನರ್ಸು, ತಣ್ಣನೆ ಬೆರಳಿನ ಹುಡುಗಿ,
ಎಲುಬು ಸವೆದ ಬಗ್ಗೆ ಪ್ರಶ್ನೆ ಓದುತ್ತಾ ಬಂದಳು.
ಸಿಗರೇಟು? ಬಿದ್ದದ್ದುಂಟಾ? ಹೆರಿಗೆ ಎಷ್ಟು?
ಎರಡು ಸಾವಿರದ ಮುನ್ನೂರ ಹನ್ನೊಂದು, ಅಂದಳು ಎಡ್ನಾ.
ಹುಡುಗಿ ಪೆನ್ನು ನಿಲ್ಲಿಸಿದಳು.
ನನ್ನದಾ? ಪ್ಯಾರಿಟಿ ಸೊನ್ನೆ. ಬರಕೋ.

ಆಮೇಲೆ ಪರದೆ ಸರಿಸಿ ನನ್ನನ್ನು ನೋಡಿದಳು:
ಸೊನ್ನೆ, ನಿಮ್ಮಲ್ಲಿ, ಸರಿಯೋ ಬೆಸವೋ?
ಗಣಿತದವರು ಸರಿ ಅನ್ನುತ್ತಾರೆ, ಅಂದೆ.
ಗಣಿತದವರು, ಅಂದಳು,
ಮತ್ತೆ ಆರಿದ ಚಹಾದ ಮೇಲಿನ ಕೆನೆಯನ್ನು
ಚಮಚದಿಂದ ಒಂದು ಬದಿಗೆ ತಳ್ಳತೊಡಗಿದಳು.